ಹಫ್ಸ ನೋಡದೇ ಹೋದ ಆಟ

ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನ ಹಲ್ಲಿನ ಕ್ಲಿನಿಕ್ಕೊಂದರಲ್ಲಿ ಹಫ್ಸ ರಿಸೆಪ್ಷನ್ ಕೆಲಸಕ್ಕಿದ್ದಳು. ಊರು ಭಟ್ಕಳ. ಗಂಡ ಫರಾಝ್‌ಗೆ ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಮೊಬೈಲ್ ರಿಪೇರಿ ಅಂಗಡಿ, ಮಗಳು ಸಲ್ವಾ ಇನ್ನೂ ಶಾಲೆಯಲ್ಲಿ. ನಲವತ್ತು ದಾಟಿದ ಈ ಹೆಂಗಸಿಗೆ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ನಡೆಯುವ ಒಂದು ಸಂಗೀತ ನಾಟಕದ ಮೇಲೆ ಜೀವ ಎಂದರೆ ನೆಂಟರು ಯಾರೂ ನಂಬುತ್ತಿರಲಿಲ್ಲ. ಅವಳೂ ಹೇಳಲು ಹೋಗುತ್ತಿರಲಿಲ್ಲ.

ಆ ಹುಚ್ಚು ಹಿಡಿಸಿದವಳು ನಿಸರ್ಗ. ಮೈಸೂರಿನ ಹುಡುಗಿ, ಅದೇ ಕಟ್ಟಡದ ಮೇಲಿನ ಮಹಡಿಯ ಆಫೀಸಿನವಳು. ಹಲ್ಲುನೋವಿಗೆ ಬಂದವಳು ಸರದಿಗೆ ಕಾಯುತ್ತ ಏನೋ ಗುನುಗುತ್ತಿದ್ದಳು. ಯಾವ ಹಾಡು ಎಂದು ಹಫ್ಸ ಕೇಳಿದ್ದೇ ತಡ, ಎದ್ದು ಬಂದು ಇಯರ್‌ಫೋನಿನ ಒಂದು ಎಳೆಯನ್ನು ಅವಳ ಕಿವಿಗೇ ಇಟ್ಟಳು.

ನಾಟಕದ ಹೆಸರು 'ವಿಂಟರ್ ಫೆರಿ'. ಹೊಳೆಗೆ ಸೇತುವೆ ಬಂದು, ದೋಣಿಯ ಓಡಾಟ ನಿಂತುಹೋಗುವ ಊರಿನ ಕಥೆ. ಟಿಕೆಟ್ ಕೊಡುವ ಹೆಂಗಸು ಕೊನೆಯ ದಿನವೂ ಬಂದು ಕಿಟಕಿ ತೆರೆದು ಕೂರುತ್ತಾಳೆ. ಯಾರೂ ಬರುವುದಿಲ್ಲ. ಬಾರದ ಜನರಿಗಾಗಿ ಅವಳೊಂದು ಹಾಡು ಹೇಳುತ್ತಾಳೆ. ದಿನವಿಡೀ ಗಾಜಿನ ಹಿಂದೆ ಕೂತು 'ನೆಕ್ಸ್ಟ್' ಎನ್ನುವ ಹಫ್ಸಳಿಗೆ ಆ ಹಾಡು ಎಲ್ಲಿ ನಾಟಿತೋ, ಅಂದಿನಿಂದ ಅವಳು ಬೇರೇನನ್ನೂ ಕೇಳಲಿಲ್ಲ. ನಿಸರ್ಗ ಅವಳನ್ನು ದುಬೈ, ಅಬುಧಾಬಿಯ ನಾಟಕಪ್ರೇಮಿಗಳ ವಾಟ್ಸಾಪ್ ಗ್ರೂಪಿಗೆ ಸೇರಿಸಿದಳು. ಹತ್ತಾರು ಮಂದಿ, ನಾಟಕ ಕಣ್ಣಾರೆ ಕಂಡವರು ಒಬ್ಬಿಬ್ಬರೇ. ಆದರೂ ಅವರ ಮಾತು ಕೇಳಿದರೆ ಎಲ್ಲರೂ ನಿನ್ನೆ ತಾನೇ ಮುಂದಿನ ಸಾಲಿನಲ್ಲಿ ಕೂತು ಬಂದಂತಿತ್ತು.

ಕಿವಿಯ ತೊಂದರೆ ಆಮೇಲೆ ಶುರುವಾಯಿತು. ಮೊದಲು ಅಡುಗೆಮನೆಯ ಕುಕ್ಕರಿನ ಸೀಟಿ ಹೋಯಿತು. ಆಮೇಲೆ ಕ್ಲಿನಿಕ್ಕಿಗೆ ಬರುವ ಮಕ್ಕಳ ದನಿ. ವಂಶದಿಂದ ಬಂದದ್ದು, ನಿಲ್ಲಿಸಲು ಔಷಧವಿಲ್ಲ ಎಂದರು ಡಾಕ್ಟರು. ಹಫ್ಸಳ ಸೋದರತ್ತೆಯೊಬ್ಬಳು ಹೀಗೆಯೇ ಕಿವುಡಾಗಿ, ಮದುವೆಮನೆಗಳಲ್ಲಿ ಒಂದು ಮೂಲೆಗೆ ಕೂತು ಎಲ್ಲರ ಮುಖ ನೋಡಿ ಸುಮ್ಮನೆ ನಗುತ್ತಿದ್ದಳು. ಹಫ್ಸ ಕಿವಿಗೆ ಮಶೀನು ಹಾಕಿಸಿಕೊಂಡ ಮೇಲೆ ಮಾತು ಅಷ್ಟಿಷ್ಟು ತಿಳಿಯಿತು. ಹಾಡು ಮಾತ್ರ ತಗಡಿನ ಡಬ್ಬಿಯಿಂದ ಬಂದಂತೆ ಕರಕರ ಎನ್ನುತ್ತಿತ್ತು.

"ಒಮ್ಮೆ ಎದುರಿಗೆ ಕೂತು ಕೇಳ್ಬೇಕು. ಪೂರ್ತಿ ಹೋಗುವ ಮೊದಲು" ಎಂದಳು ಗಂಡನಿಗೆ.

"ಒಂದು ನಾಟಕ ನೋಡ್ಲಿಕ್ಕೆ ಅಮೆರಿಕಕ್ಕಾ?" ಎಂದು ಫರಾಝ್ ನಕ್ಕ. ಅವಳು ನಗಲಿಲ್ಲ. ಮರುದಿನ ಅವನೇ ಲ್ಯಾಪ್‌ಟಾಪ್ ತೆರೆದು ವೀಸಾಕ್ಕೆ ಅರ್ಜಿ ತುಂಬಿದ. ಸಂದರ್ಶನಕ್ಕೆ ಫೆಬ್ರವರಿಯಲ್ಲಿ ದಿನ ಸಿಕ್ಕಿತು. ಆ ನಾಟಕ ಇನ್ನೂ ವರ್ಷಗಟ್ಟಲೆ ನಡೆಯುತ್ತದೆ ಎಂದೇ ಎಲ್ಲರೂ ತಿಳಿದಿದ್ದರು.

ನವೆಂಬರಿನಲ್ಲಿ ಪ್ರಕಟಣೆ ಬಂತು. ಹೊಸ ವರ್ಷದ ಮೊದಲ ಭಾನುವಾರವೇ 'ವಿಂಟರ್ ಫೆರಿ'ಯ ಕೊನೆಯ ಪ್ರದರ್ಶನ.

ಹಫ್ಸ ಅದನ್ನು ಓದಿದ್ದು ಕ್ಲಿನಿಕ್ಕಿನ ಕೌಂಟರಿನಲ್ಲಿ. ಫೋನಿನ ಮೇಲೆ ಗ್ರೂಪಿನವರ ಒಂದರ ಹಿಂದೊಂದು ಸಂದೇಶ. ಒಬ್ಬರು ಅಳುತ್ತಿದ್ದರು, ಇನ್ನೊಬ್ಬರು ನಾಟಕಕ್ಕೆ ಪ್ರಶಸ್ತಿ ಕೊಡದವರನ್ನು ಬೈಯುತ್ತಿದ್ದರು, ಮತ್ತೊಬ್ಬರು ಟಿಕೆಟ್ ಮಾರಾಟವೇ ಇರಲಿಲ್ಲವಂತೆ ಎಂದು ಸಮಾಧಾನ ಹೇಳಲು ಹೋಗಿ ಬೈಸಿಕೊಳ್ಳುತ್ತಿದ್ದರು. ಅವಳು ತಲೆಯೆತ್ತಿದಾಗ ಎದುರಿಗೆ ಒಬ್ಬ ಮನುಷ್ಯ ಕೆಂಪಗಾಗಿ ಗಾಜು ಬಡಿಯುತ್ತಿದ್ದ. ಎಷ್ಟು ಹೊತ್ತಿನಿಂದ ಕೂಗುತ್ತಿದ್ದನೋ. "ಸಾರಿ ಸರ್" ಎಂದಳು. ತನ್ನ ದನಿ ಎಷ್ಟು ದೊಡ್ಡದಾಗಿ ಬಂತೋ ಅವಳಿಗೆ ತಿಳಿಯಲಿಲ್ಲ. ಕೂತವರೆಲ್ಲ ತಿರುಗಿ ನೋಡಿದರು.

ನಿಸರ್ಗ ಮೇಲಿನಿಂದ ಓಡಿಬಂದಳು. "ಅಕ್ಕ, ನೋಡಿದ್ರಾ? ಸಂದರ್ಶನ ಮುಂಚೆ ಸಿಗುತ್ತಾ ಅಂತ ಕೇಳೋಣ."

ಕೇಳಿದರು. ದಿನವೂ ವೆಬ್‌ಸೈಟು ತೆರೆದು ನೋಡಿದರು. ಡಿಸೆಂಬರ್ ಕಳೆದರೂ ಖಾಲಿ ದಿನ ಸಿಗಲಿಲ್ಲ. ಗ್ರೂಪಿನಲ್ಲಿ ವೀಸಾ ಇದ್ದವನು ದುಬೈನ ಹರ್ಷಿತ್ ಒಬ್ಬನೇ. ಕೊನೆಯ ಪ್ರದರ್ಶನಕ್ಕೆ ಹೊರಡುವ ಮೊದಲು ಅವನು ಹಫ್ಸಳಿಗೆ ಬರೆದ: "ಅಕ್ಕ, ನಿಮಗೋಸ್ಕರ ಆ ಒಂದು ಹಾಡನ್ನ ಕದ್ದು ರೆಕಾರ್ಡ್ ಮಾಡ್ಕೊಂಡು ಬರ್ಲಾ?"

ಹಫ್ಸ ಒಂದು ಉತ್ತರ ಬರೆದು ಅಳಿಸಿದಳು. "ಬೇಡಪ್ಪ. ಫೋನು ಹಿಡ್ಕೊಂಡು ಕೂತ್ರೆ ನಿನಗೂ ಕೇಳುದಿಲ್ಲ. ನೀನಾದ್ರೂ ಸರಿಯಾಗಿ ಕೇಳು" ಎಂದು ಬರೆದಳು.

ಆ ಭಾನುವಾರ ಸಂಜೆ ಉಳಿದವರೆಲ್ಲ ನಿಸರ್ಗಳ ಫ್ಲ್ಯಾಟಿನಲ್ಲಿ ಸೇರಿದರು. ನ್ಯೂಯಾರ್ಕಿನಲ್ಲಿ ಆಗಿನ್ನೂ ಬೆಳಿಗ್ಗೆ. ಚರ್ಚಿನಲ್ಲಿ ನುಡಿಸುವ ಮಂಗಳೂರಿನ ಆಸ್ವಾಲ್ಡ್ ಕೀಬೋರ್ಡ್ ತಂದಿದ್ದ. ಮೊದಲಿನಿಂದ ಕೊನೆಯವರೆಗೆ ನಾವೇ ಹಾಡುವುದು ಎಂದು ಮಾತಾಗಿತ್ತು. ಹಫ್ಸ ಸ್ಪೀಕರಿನ ಪಕ್ಕದಲ್ಲೇ ಕೂತಳು. ಮಶೀನು ಕೀರಲು ಶಬ್ದ ಮಾಡತೊಡಗಿದಾಗ ಎರಡೂ ಕಿವಿಯಿಂದ ಕಿತ್ತು ಪರ್ಸಿಗೆ ಹಾಕಿದಳು.

ಕಿಟಕಿಯ ಹಾಡನ್ನು ನಿಸರ್ಗ ಎತ್ತಿಕೊಂಡಳು. ಕೆಳಗಿನ ಸ್ವರಗಳು ಗೋಡೆಯಾಚೆಯ ಮಾತಿನಂತೆ ಹಫ್ಸಳಿಗೆ ತಲುಪಿದವು. ಹಾಡು ಏರುವ ಜಾಗ ಬಂತು. ನಿಸರ್ಗಳ ಬಾಯಿ ಅಗಲವಾಗಿ ತೆರೆಯಿತು, ಕತ್ತಿನ ನರ ಉಬ್ಬಿತು. ಹಫ್ಸಳ ಕಿವಿಗೆ ಶಬ್ದವೇ ಬರಲಿಲ್ಲ.

ಹಫ್ಸ ಆ ತೆರೆದ ಬಾಯಿಯನ್ನೇ ನೋಡುತ್ತಿದ್ದಳು. ಆಮೇಲೆ ತಾನೂ ಹಾಡತೊಡಗಿದಳು. ಬಾಯಿಪಾಠವಾದ ಹಾಡು, ಮಾತು ಒಂದೂ ತಪ್ಪಲಿಲ್ಲ. ಸ್ವರ ಎಲ್ಲೆಲ್ಲೋ ಹೋಯಿತು. ಆಸ್ವಾಲ್ಡ್ ಒಮ್ಮೆ ತಲೆಯೆತ್ತಿ ನೋಡಿದ. ನುಡಿಸುವುದನ್ನು ನಿಧಾನ ಮಾಡಿ ಅವಳ ಹಿಂದೆಯೇ ಹೋದ. ಹಾಡು ಮುಗಿದು ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿದ್ದರೂ ಹಫ್ಸ ಕೊನೆಯ ಸಾಲನ್ನು ಇನ್ನೊಮ್ಮೆ ಹೇಳುತ್ತಲೇ ಇದ್ದಳು. ಯಾರೂ ತಡೆಯಲಿಲ್ಲ.

ಕರೆದೊಯ್ಯಲು ಬಂದ ಫರಾಝ್ ಬಾಗಿಲಲ್ಲಿ ಚಪ್ಪಲಿ ಬಿಚ್ಚುವುದನ್ನು ಮರೆತು ನಿಂತಿದ್ದ. ಹೆಂಡತಿ ಹಾಡುವುದನ್ನು ಅವನು ಕಂಡದ್ದು ಅದೇ ಮೊದಲು.

ಇಬ್ಬರೂ ಕಾರಿನಲ್ಲಿ ಹೊರಟರು. ಸೇತುವೆ ದಾಟಿದ ಮೇಲೆ ಅವನು ಒಂದು ಪೆಟ್ರೋಲ್ ಬಂಕಿಗೆ ಗಾಡಿ ತಿರುಗಿಸಿ, ಬೆಳಕಿದ್ದ ಕಡೆ ನಿಲ್ಲಿಸಿದ. ಅವಳಿಗೆ ತುಟಿ ಕಾಣುವಂತೆ ಪೂರ್ತಿ ತಿರುಗಿ ಕೂತು, ಬಿಡಿಸಿ ಬಿಡಿಸಿ ಕೇಳಿದ:

"ಆ ಟಿಕೆಟ್ ಕೊಡುವವಳು... ಆಮೇಲೆ ಏನಾಗ್ತಾಳೆ?"

"ಏನೂ ಆಗುದಿಲ್ಲ" ಎಂದಳು ಹಫ್ಸ. "ಕಿಟಕಿ ಹಾಕ್ತಾಳೆ, ಮನೆಗೆ ಹೋಗ್ತಾಳೆ. ಖಲಾಸ್."

ಹಾಗೆಂದವಳಿಗೆ ಪ್ರಕಟಣೆ ಬಂದಾಗಿನಿಂದ ಬಾರದಿದ್ದ ಅಳು ಒಮ್ಮೆಲೇ ಒತ್ತರಿಸಿ ಬಂತು. ಫರಾಝ್ ಏನೋ ಹೇಳುತ್ತಿದ್ದ, ಕಣ್ಣೀರು ತುಂಬಿದ ಕಣ್ಣಿಗೆ ಅವನ ತುಟಿ ಕಾಣಲಿಲ್ಲ. ಅವನಿಗೂ ಅದು ಗೊತ್ತಾಯಿತು. ಮಾತು ನಿಲ್ಲಿಸಿ ಅವಳ ಕೈ ಹಿಡಿದುಕೊಂಡ.

ಫೆಬ್ರವರಿಯ ಸಂದರ್ಶನಕ್ಕೆ ಅವಳು ಹೋಗಲಿಲ್ಲ. ರಂಜಾನ್ ಹೊತ್ತಿಗೆ ಕೆಳಗಿನ ಸ್ವರಗಳೂ ಮಸುಕಾಗುತ್ತ ಬಂದವು. ಸಲ್ವಾ ಈಗ ಅಮ್ಮನ ಭುಜ ತಟ್ಟಿ, ಅವಳು ತನ್ನತ್ತ ತಿರುಗಿದ ಮೇಲೆಯೇ ಮಾತು ಶುರುಮಾಡುತ್ತಾಳೆ.