ಹುಣಸೆ ಮಂಡಿಯ ಓಬಕ್ಕ ಇಂಗ್ಲಿಷಿನ ಬೀಜ ಬಿಡಿಸುತ್ತಾಳೆ

ಗಡಿಯಾಚೆಯ ತೆಲುಗು ಸೀಮೆಯ ಕಲ್ಯಾಣದುರ್ಗದ ಖಾಸಗಿ ಶಾಲೆಯೊಂದು 2001ರ ಜೂನ್ ತಿಂಗಳಲ್ಲಿ ತನ್ನ ಆಯಾ ಓಬಕ್ಕನನ್ನು ಇಂಗ್ಲಿಷ್ ಬರುವುದಿಲ್ಲವೆಂದು ಕೆಲಸದಿಂದ ತೆಗೆಯಿತು.

ಈಗ 2007ರ ಮಾರ್ಚ್. ಹಿಂದೂಪುರದ ಹುಣಸೆ ಮಂಡಿಗಳ ಸಾಲಿನಲ್ಲಿ ಕಟ್ಟಕಡೆಯ ಶೆಡ್ಡು. ಬೆಳಗಿನ ಆರು ಗಂಟೆ. ಲೇಪಾಕ್ಷಿಯ ಮೊದಲ ಬಸ್ಸಿನಿಂದ ಇಳಿದ ಹೆಂಗಸರು ಸೆರಗು ಬಿಗಿದು ತಮ್ಮ ತಮ್ಮ ಕಲ್ಲಿನ ಮುಂದೆ ಕೂರುತ್ತಿದ್ದಾರೆ. ಹಣ್ಣು ಇಟ್ಟು ಬಡಿಯಲು ಇಲ್ಲಿ ಒಬ್ಬೊಬ್ಬಳಿಗೂ ಒಂದೊಂದು ಕಲ್ಲು. ಕೆಲಸಕ್ಕೆ ಸೇರಿದ ದಿನ ಊರಿಂದ ಹೊತ್ತು ತಂದದ್ದು. ಕಲ್ಲು ಇರುವಷ್ಟು ದಿನ ಕೆಲಸ ಇದೆ ಎಂದರ್ಥ.

ಐವತ್ನಾಲ್ಕರ ಓಬಕ್ಕನ ಎಡಗೈಯಲ್ಲಿ ಹಣ್ಣು, ಬಲಗೈಯಲ್ಲಿ ಗೇಣುದ್ದದ ಕಬ್ಬಿಣದ ಕೋಲು. ಟಕ್ ಅಂದರೆ ಬೀಜ ಆಚೆ. ದಿನಕ್ಕೆ ಇಪ್ಪತ್ತು ಕಿಲೋ ಹಣ್ಣು ಅವಳ ಕೈಯಲ್ಲಿ ಹಾದುಹೋಗುತ್ತದೆ. ಬುಟ್ಟಿಯಲ್ಲಿ ಒಂದೇ ಒಂದು ಬೀಜ ಸಿಕ್ಕರೂ ಇಡೀ ಬುಟ್ಟಿ ತೂಕಕ್ಕೆ ಹೋಗದೆ ವಾಪಸು ಬಂದು ಅವಳ ಮುಂದೆ ಬೀಳುತ್ತದೆ. ಮಂಡಿಯ ಕಾನೂನು ಅದು. ಆರು ವರ್ಷದಲ್ಲಿ ಓಬಕ್ಕನ ಬುಟ್ಟಿ ಒಮ್ಮೆಯೂ ವಾಪಸು ಬಂದಿಲ್ಲ.

ಇವತ್ತು ಅವಳ ಮಡಿಲಲ್ಲಿ ಒಂದು ಇಂಗ್ಲಿಷ್ ಕಾಗದವೂ ಇದೆ. ಅದೇ ಕಾಗದ ಶೆಡ್ಡಿನ ಮೂವತ್ತೆಂಟು ಹೆಂಗಸರ ಕೈಗೂ ನಿನ್ನೆ ಸಂಜೆ ಬಂದಿದೆ. ಇವತ್ತು ಹತ್ತು ಗಂಟೆಗೆ ಎಲ್ಲರೂ ಅದಕ್ಕೆ ಹೆಬ್ಬೆಟ್ಟು ಒತ್ತಬೇಕಂತೆ.

‘ಓಬಕ್ಕಾ, ಒಳ್ಳೇದಾ ಕೆಟ್ಟದ್ದಾ, ಅಷ್ಟು ಹೇಳ್ಬುಡೇ’ ಎನ್ನುತ್ತಾಳೆ ಪಕ್ಕದ ಕಲ್ಲಿನ ಮುನೆಮ್ಮ.

‘ತಡಿಯೇ, ಇನ್ನೂ ಸಿಪ್ಪೇಲೇ ಇವ್ನಿ. ಬೀಜ ಸಿಕ್ಕಿಲ್ಲ.’

ಇದು ಓಬಕ್ಕನ ಎರಡನೇ ಕಸುಬು. ಸಂಬಳವಿಲ್ಲ, ಬೋರ್ಡಿಲ್ಲ. ಬ್ಯಾಂಕಿನ ಕಾಗದ, ಆಸ್ಪತ್ರೆಯ ಚೀಟಿ, ಕಂಪನಿಯ ನೋಟೀಸು, ಮಕ್ಕಳ ಪಾಠ ಸೇರಿ ದಿನಕ್ಕೆ ಮೂರೋ ನಾಲ್ಕೋ ಅವಳ ಕಲ್ಲಿನ ಮುಂದೆ ಬಂದು ಕೂರುತ್ತವೆ. ಬರೀ ಪದಗಳ ಅರ್ಥವಾದರೆ ಡಿಕ್ಷನರಿ ನೋಡಿ ಯಾರಾದರೂ ಹೇಳಿಯಾರು. ಒಂದು ಹೇಳಿ ಇನ್ನೊಂದನ್ನು ಮಾಡುವ ಮಾತುಗಳಿವೆಯಲ್ಲ, ಇಂಗ್ಲಿಷಿನ ಆ ನುಡಿಗಟ್ಟುಗಳೇ ಅವಳ ಬೇಟೆ.

ಕಲಿತದ್ದು ಹೇಗೆ ಎಂದರೆ ನಗುತ್ತಾಳೆ. ಕಲ್ಯಾಣದುರ್ಗದ ಆ ಶಾಲೆಯಲ್ಲಿ ಹನ್ನೊಂದು ವರ್ಷ ಕಸ ಗುಡಿಸಿದವಳು. ಇಂಗ್ಲಿಷ್ ಮೇಷ್ಟ್ರು ಗಂಗಾಧರಪ್ಪ ನುಡಿಗಟ್ಟಿನ ಪಾಠವನ್ನು ವರ್ಷಕ್ಕೊಮ್ಮೆ, ಒಂದಕ್ಷರ ಬದಲಿಸದೆ, ತೆಲುಗಿನಲ್ಲಿ ಅರ್ಥ ಬಿಡಿಸಿ ಮಾಡುತ್ತಿದ್ದರು. ಮಕ್ಕಳು ಒಮ್ಮೆ ಕೇಳಿ ಮರೆತರು. ವರಾಂಡದಲ್ಲಿ ಪೊರಕೆ ಹಿಡಿದವಳು ಹನ್ನೊಂದು ಸಲ ಕೇಳಿದಳು. ‘ಬೋರ್ಡ್ ಒರೆಸೋದೂ ನಾನೇ ಅಲ್ವಾ? ಒಂದ್ನೇ ಕ್ಲಾಸಿನ ಬೋರ್ಡಿನಾಗೇ ಎಬಿಸಿಡಿ ಕಲ್ತೆ. ಆಮೇಲೆ ಓದ್ಕೊಂಡೇ ಒರೆಸ್ತಿದ್ದೆ. ಅರ್ಥ ಆಗ್ದಿದ್ರೆ ಆವತ್ತು ಒರೆಸ್ತಾನೇ ಇರ್ಲಿಲ್ಲ. ಮೇಷ್ಟ್ರು ಬೈಯೋರು, ಏಮಮ್ಮಾ, ಬೋರ್ಡು ನಿನ್ನಟಿದೇ ಉಂದೇ, ನಿನ್ನೇದೇ ಐತಲ್ಲಾ ಅಂತ.’

ಜೋರು ಮಳೆಗೆ ಇಂಗ್ಲಿಷಿನವರು ನಾಯಿ ಬೆಕ್ಕು ಸುರಿಯಿತು ಅನ್ನುತ್ತಾರೆಂದು ಮೇಷ್ಟ್ರು ಹೇಳಿದ ದಿನ ಓಬಕ್ಕ ಕಿಟಕಿಯಿಂದಲೇ ಬಾಯಿ ಹಾಕಿದ್ದಳಂತೆ. ‘ಸಾರ್, ಮಳೇನೇ ಕಾಣ್ದಿರೋ ನಮ್ ಕಲ್ಯಾಣದುರ್ಗಕ್ಕೆ ಒಂದು ಬೆಕ್ಕಿನ ಮರೀನಾದ್ರೂ ಬೀಳ್ಲಿ ಅನ್ನಿ!’

ಆಮೇಲೆ ಶಾಲೆ ಕೈ ಬದಲಾಯಿತು. ಗೇಟಿನ ವಾಚ್‌ಮನ್ನಿನಿಂದ ಹಿಡಿದು ಎಲ್ಲರೂ ಇಂಗ್ಲಿಷಿನಲ್ಲೇ ಮಾತಾಡಬೇಕೆಂದು ಅಪ್ಪಣೆಯಾಯಿತು. ಹೊಸ ಪ್ರಿನ್ಸಿಪಾಲರು ಓಬಕ್ಕನನ್ನು ಕರೆದು, ‘ವೀ ಹ್ಯಾವ್ ಟು ಲೆಟ್ ಯು ಗೋ’ ಎಂದರು. ಇವಳಿಗೆ ಪಾಪ ತಿಳಿಯುವುದಿಲ್ಲವೆಂದು ಗುಮಾಸ್ತನತ್ತ ತಿರುಗಿ, ತೆಲುಗಿನಲ್ಲಿ ಹೇಳು ಎಂದರು. ಗುಮಾಸ್ತ ತಡಬಡಾಯಿಸಿದ: ‘ಅದೇ ಅಮ್ಮಾ, ನೀನು ಹೋಗಬೇಕಂತಿದ್ದೀಯಂತೆ, ಇವರು ಬಿಡ್ತಾರಂತೆ.’

‘ನಾನು ಹೋಯ್ತೀನಿ ಅಂತ ಯಾವಾಗ ಅಂದೆ?’ ಓಬಕ್ಕ ಇವತ್ತಿಗೂ ಕೇಳುತ್ತಾಳೆ. ‘ಕೆಲ್ಸದಿಂದ ತೆಗಿಯೋದ್ನ ಹಗ್ಗ ಬಿಚ್ಚಿ ಕರು ಬಿಟ್ಟಂಗೆ, ಏನೋ ಪುಣ್ಯ ಮಾಡ್ದಂಗೆ ಹೇಳ್ತಾರೆ ನೋಡಪ್ಪ! ಅಂದೋರು ಬಿಟ್ರೆ ಆ ರೂಮಿನಾಗೆ ಆ ಮಾತಿನ ಅರ್ಥ ಗೊತ್ತಿದ್ದೋಳು ನಾನೊಬ್ಳೇ. ಇಂಗ್ಲಿಷ್ ಬರಲ್ಲ ಅಂತ ನನ್ನೇ ತೆಗದ್ರು.’

ಹಿಂದೂಪುರದಲ್ಲಿ ಅಕ್ಕ ಗಂಗಕ್ಕನ ಮನೆ ಸೇರಿದಳು. ಅಕ್ಕನ ಪಕ್ಕದಲ್ಲೇ ಕಲ್ಲು ಹಾಕಿ ಕೂತಳು. ಹುಣಸೆಹಣ್ಣು ಬಿಡಿಸುತ್ತಲೇ ಅವಳಿಗೆ ತನ್ನ ಪದ್ಧತಿ ಸಿಕ್ಕಿತು. ಮೊದಲು ಸಿಪ್ಪೆ: ಡಿಯರ್, ಸಿನ್ಸಿಯರ್ಲಿ, ಪ್ಲೀಸ್ಡ್ ಎಲ್ಲ ಆಚೆ. ಆಮೇಲೆ ನಾರು: ಹಣ್ಣಿಗೆ ಅಂಟಿಕೊಂಡು ಎಳೆದರೂ ಬಾರದ ಅಲಂಕಾರದ ಮಾತು. ಕೊನೆಗೆ ಬೀಜ. ಅದಕ್ಕೆ ಅವಳು ಕೇಳುವ ಪ್ರಶ್ನೆ ಒಂದೇ: ‘ಯಾರು, ಯಾರಿಗೆ, ಏನು ಮಾಡ್ತಾವ್ರೆ?’

ಎಲ್ಲರೂ ಬೆಲ್ಟು ಬಿಗಿ ಮಾಡಿಕೊಳ್ಳಬೇಕೆಂದು ಒಮ್ಮೆ ಕಾಗದ ಬಂದಿತ್ತು. ಓಬಕ್ಕ ಶೆಡ್ಡನ್ನೆಲ್ಲ ಒಮ್ಮೆ ನೋಡಿ, ‘ಇಲ್ಲಿ ಬೆಲ್ಟ್ ಇರೋದು ಸೂಪರ್‌ವೈಸರ್ ಗಂಗರಾಜುಗೆ ಒಬ್ಬನಿಗೇ. ಬಿಗೀಬೇಕಾಗಿರೋದು ಮಾತ್ರ ನಮ್ ಹೊಟ್ಟೆ ಕಣ್ರೇ’ ಅಂದಳು. ಇನ್ನೊಮ್ಮೆ, ನಾವೆಲ್ಲ ಒಂದೇ ದೋಣಿಯಲ್ಲಿದ್ದೇವೆ ಎಂದು ಬಂತು. ಬಹುಪಾಲು ಹೆಂಗಸರು ದೋಣಿಯನ್ನೇ ಕಂಡವರಲ್ಲ. ‘ಇರ್ಲಿ ಬುಡು. ಹುಟ್ಟು ಹಾಕೋರು ಯಾರು, ಕೂತಿರೋರು ಯಾರು ಅಂತ ಬರ್ದಿಲ್ಲ, ನೋಡ್ಕಳಿ.’

ಹೋದ ಯುಗಾದಿಯ ಕತೆಯನ್ನು ಮಾತ್ರ ಮಂಡಿಯ ಹಮಾಲಿಗಳೂ ಹೊಟ್ಟೆ ಹಿಡಿದುಕೊಂಡೇ ಹೇಳುತ್ತಾರೆ. ಹಬ್ಬಕ್ಕೆ ಮಾಲೀಕರು ಹಂಚಿದ ಕಾರ್ಡಿನಲ್ಲಿ, ನೀವೆಲ್ಲ ನಮ್ಮ ಮನೆಯ ಹೆಣ್ಣುಮಕ್ಕಳು ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಓಬಕ್ಕ ಓದಿದಳು. ಈ ಸೀಮೆಯಲ್ಲಿ ಹಬ್ಬಕ್ಕೆ ಬಂದ ಮಗಳನ್ನು ಮಡಿಲಕ್ಕಿ ತುಂಬದೆ ಕಳಿಸುವವರುಂಟೆ? ಮರುದಿನ ಮೂವತ್ತೆಂಟು ಹೆಂಗಸರು ತಲೆಗೆ ನೀರು ಹಾಕಿಕೊಂಡು, ಹೂ ಮುಡಿದು, ಮಾಲೀಕರ ಮನೆಯಂಗಳದಲ್ಲಿ ಸೆರಗೊಡ್ಡಿ ಸಾಲಾಗಿ ನಿಂತರು. ಮಾಲೀಕರು ಹಿಂಬಾಗಿಲಿಂದ ಹೋದರು. ಅವರ ತಾಯಿ ಶಿವಲಕ್ಷ್ಮಮ್ಮ ಹಳೇ ಕಾಲದ ಹೆಂಗಸು. ಮನೆ ಬಾಗಿಲಿಗೆ ಬಂದ ಮಡಿಲನ್ನು ಬರಿದಾಗಿ ಕಳಿಸಲು ಅವರಿಂದಾಗಲಿಲ್ಲ. ಅಕ್ಕಿ, ಬೆಲ್ಲ, ಕೊಬ್ಬರಿ, ರವಿಕೆ ಕಣ. ಗಂಡ ಸತ್ತ ಒಂಬತ್ತು ಮಂದಿ ಹಿಂದೆ ಸರಿದರೆ ಅವರನ್ನೂ ಕರೆದು ತುಂಬಿದರು. ಕೊಬ್ಬರಿ ಸಾಲದೆ ಅಂಗಡಿಗೆ ಎರಡು ಸಲ ಆಳು ಓಡಿದ.

ಅದು ಬರೀ ಮಾತು ಎಂದು ನಿಮಗೆ ಗೊತ್ತಿರಲಿಲ್ಲವೇ ಎಂದು ಕೇಳಿದರೆ ಓಬಕ್ಕ ಕೋಲು ಕೆಳಗಿಡುತ್ತಾಳೆ. ‘ಗೊತ್ತಿತ್ತು ಕಣಪ್ಪ. ಅಂದೋರಿಗೂ ಒಂದ್ಸಲ ಅರ್ಥ ಆಗ್ಲಿ ಅಂತ ಸುಮ್ನಿದ್ದೆ.’ ಈ ಯುಗಾದಿಗೆ ಕಾರ್ಡು ಬರಲಿಲ್ಲ.

ಬಂದದ್ದು ಈ ಕಾಗದ.

ಒಂಬತ್ತೂವರೆಗೆ ಗಂಗರಾಜು ಬರುತ್ತಾನೆ. ಕಂಬದ ಮರೆಗೆ ಓಬಕ್ಕನನ್ನು ಕರೆದು ಪಿಸುಗುಟ್ಟುತ್ತಾನೆ: ‘ಅಕ್ಕಾ, ಇದ್ರಾಗೆ ನಂದೇನಾದ್ರೂ ಐತಾ?’

‘ನಿನ್ನ ಹೆಸ್ರಿಲ್ಲ ಕಣ್ಲಾ. ಸೂಪರ್‌ವೈಸರ್‌ಗಳ ಸಾಲಿನಾಗೆ ಡೆಡ್ ವುಡ್ ಅಂತ ಐತೆ.’

‘ಅಂದ್ರೆ?’

‘ಸೌದೆ. ಕಡ್ದು ಆಚೆ ಹಾಕೋದು.’

ಗಂಗರಾಜು ಬೆಲ್ಟನ್ನೊಮ್ಮೆ ಮುಟ್ಟಿ ನೋಡಿಕೊಂಡು ಅಲ್ಲೇ ಮೂಟೆಯ ಮೇಲೆ ಕೂತುಬಿಡುತ್ತಾನೆ.

ಹೆಂಗಸರು ಸುತ್ತ ಸೇರುತ್ತಾರೆ. ಓಬಕ್ಕ ಕಾಗದವನ್ನು ಕಲ್ಲಿನ ಮೇಲೆ ಹರಡುತ್ತಾಳೆ. ಹೆವಿ ಹಾರ್ಟ್, ಅಂದರೆ ಮಾಲೀಕರಿಗೆ ಎದೆ ಭಾರವಾಗಿದೆ. ಬ್ಯಾಕ್‌ಬೋನ್, ಅಂದರೆ ನೀವು ನಮ್ಮ ಬೆನ್ನೆಲುಬು. ಸೇಫ್ ಹ್ಯಾಂಡ್ಸ್, ಅಂದರೆ ಇನ್ನು ನಿಮ್ಮನ್ನು ಭದ್ರವಾದ ಕೈಗೆ ಒಪ್ಪಿಸುತ್ತೇವೆ.

‘ಎದೆ, ಬೆನ್ನು, ಕೈ’ ಎಂದು ಬೆರಳು ಮಡಚುತ್ತಾಳೆ. ‘ಒಂದು ಆಳಿನ ಮೈಯೆಲ್ಲಾ ಐತೆ ಇದ್ರಾಗೆ. ಹೊಟ್ಟೆ ಒಂದು ಬಿಟ್ಟು.’

ಮುನೆಮ್ಮನಿಗೆ ತಡೆಯದು. ‘ಬೀಜ ಹೇಳೇ!’

ಅಷ್ಟರಲ್ಲಿ ಬೈಕು ನಿಂತ ಸದ್ದು. ಮ್ಯಾನೇಜರ್ ಒಳಗೆ ಬರುತ್ತಾರೆ, ಕೈಯಲ್ಲಿ ಇಂಕಿನ ಪ್ಯಾಡು. ಬಿಸಿಲಿಗೆ ಬೆವೆತಿದ್ದಾರೆ. ಗುಂಪು ನೋಡಿ, ಸಾವಧಾನವಾಗಿಯೇ ಹೇಳುತ್ತಾರೆ: ‘ನೋಡಮ್ಮಾ ಓಬಕ್ಕ, ನಿನ್ನ ಮಾತು ಎಲ್ರೂ ಕೇಳ್ತಾರೆ. ಒಂದ್ಸಲ ಜೋರಾಗಿ ಓದ್ಬುಡು. ಅರ್ಥಗಿರ್ಥ ಬ್ಯಾಡ. ಮೊದಲ್ನೇ ಹೆಬ್ಬೆಟ್ಟು ನಿಂದೇ ಬೀಳ್ಲಿ.’

ಆ ಕಾಗದದ ಬೀಜ ಇಷ್ಟು: ಇವರೆಲ್ಲ ಇನ್ನು ಮಂಡಿಯ ಕೆಲಸದವರಲ್ಲ, ಒಬ್ಬ ಕಂಟ್ರಾಕ್ಟರನ ಆಳುಗಳು. ಅವನು ಕರೆದ ದಿನ ಕೆಲಸ. ಸೋಮವಾರದೊಳಗೆ ಕಲ್ಲುಗಳನ್ನು ಎತ್ತಬೇಕು. ಮ್ಯಾನೇಜರ್ ಬಿಟ್ಟರೆ ಅದನ್ನು ಬಲ್ಲವಳು ಶೆಡ್ಡಿನಲ್ಲಿ ಸದ್ಯ ಓಬಕ್ಕ ಒಬ್ಬಳೇ. ಮೂವತ್ತೇಳು ಮುಖಗಳು ಅವಳನ್ನೇ ನೋಡುತ್ತಿವೆ. ಸೌದೆಯೂ ಮೂಟೆಯಿಂದ ಎದ್ದು ನಿಂತಿದೆ.

ಓಬಕ್ಕ ಕಾಗದ ಎತ್ತಿಕೊಳ್ಳುತ್ತಾಳೆ. ಪ್ಯಾಡು ಮುಂದೆ ಬರುತ್ತದೆ. ಅವಳು ತನ್ನ ಹುಳಿಹುಳಿ ಹೆಬ್ಬೆರಳನ್ನು ಸೆರಗಿಗೆ ನಿಧಾನವಾಗಿ ಒರೆಸಿಕೊಂಡು, ಮುಷ್ಟಿಯೊಳಗೆ ಮಡಚಿ ಇಟ್ಟುಕೊಳ್ಳುತ್ತಾಳೆ.

‘ಒಂದು ಬೀಜ ಉಳಿದ್ರೆ ನೀವು ಬುಟ್ಟೀನೇ ವಾಪಸ್ ಎಸೀತೀರಿ ಸಾರ್’ ಎನ್ನುತ್ತಾಳೆ. ‘ಬಿಡಿಸ್ದೆ ನಾನು ಓದಲ್ಲ.’