ಆಕಾಶಕ್ಕೂ ಒರಿಜಿನಲ್ ಬೇಕು

ವಿಮಾನದಿಂದ ಹಾರುವವರ ಫೋಟೋ ತೆಗೆಯುವುದು ನನ್ನ ಹೊಟ್ಟೆಪಾಡು. ಗಲ್ಫಿನಲ್ಲಿ, ಬೆನ್ನಿಗೆ ಪ್ಯಾರಾಚೂಟು, ತಲೆಯ ಹೆಲ್ಮೆಟ್ಟಿಗೆ ಕ್ಯಾಮೆರಾ ಕಟ್ಟಿಕೊಂಡು ಪ್ರವಾಸಿಗರ ಜೊತೆ ನಾನೂ ಹಾರುತ್ತೇನೆ. ಅವರು ಕಿರುಚುತ್ತಾರೆ, ನಾನು ಕ್ಲಿಕ್ಕಿಸುತ್ತೇನೆ. ಗಾಳಿಯಲ್ಲಿ ಮೈ ಹಿಡಿತದಲ್ಲಿಡಲು ಎರಡು ಕೈಯೂ ಬೇಕು, ಹಾಗಾಗಿ ಕ್ಯಾಮೆರಾದ ಸ್ವಿಚ್ಚು ಬಾಯಲ್ಲಿ; ಹಲ್ಲಿನಿಂದ ಕಚ್ಚಿದರೆ ಫೋಟೋ. ಇಷ್ಟು ವಿವರವಾಗಿ ಹೇಳಿದ್ದರಿಂದಲೇ ಇರಬೇಕು, ಊರಿನಲ್ಲಿ ಒಬ್ಬರೂ ನಂಬಲಿಲ್ಲ.

ಊರೆಂದರೆ ಈಗ ವಿದ್ಯಾನಗರದಲ್ಲಿರುವ ಅಕ್ಕನ ಮನೆ. ಅಮ್ಮ ಇರುವುದು ಅಲ್ಲೇ. ಭಾವ ಸರ್ಕಾರಿ ಕಚೇರಿಗಳಿರುವ ಸಿವಿಲ್ ಸ್ಟೇಷನ್ನಿನ ಒಂದು ಆಫೀಸಿನಲ್ಲಿ ಗುಮಾಸ್ತರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು ಎಲ್ಲ ಕಡೆ ಇದ್ದಾರೆ. ನಮ್ಮ ಭಾವ ಆ ಮೂರು ಕಾಲಿಗೂ ಸೀಲು ಹೊಡೆದಿರುತ್ತಾರೆ. ನಾನು ಗಲ್ಫಿನ ಯಾವುದೋ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದೇನೆ, ನಾಚಿಕೆಗೆ ವಿಮಾನದ ಕತೆ ಕಟ್ಟಿದ್ದೇನೆ ಎಂಬ ಸುದ್ದಿ ಪೈವಳಿಕೆಯ ನೆಂಟರವರೆಗೂ ಹಬ್ಬಿತ್ತು. ಪಾತ್ರೆ ತೊಳೆಯುವುದು ಮರ್ಯಾದೆಯ ಕೆಲಸವೇ. ಆದರೆ ಸುಳ್ಳುಗಾರ ಎಂದರೆ ನನಗೆ ಮೈ ಉರಿಯುತ್ತದೆ. ಅದಕ್ಕಿಂತ ಉರಿದದ್ದು, ಅಮ್ಮ ಆ ಮಾತಿಗೆ ಒಮ್ಮೆಯೂ ಅಲ್ಲ ಎನ್ನಲಿಲ್ಲ ಎಂಬುದಕ್ಕೆ. ಊರು ಏನಾದರೂ ಹೇಳಿಕೊಳ್ಳಲಿ, ಅಮ್ಮ ನಂಬಬೇಕಿತ್ತು.

ಹಿಂದಿನ ರಜೆಯಲ್ಲಿ ಫೋನಿನಲ್ಲಿದ್ದ ಫೋಟೋ ತೋರಿಸಿದೆ. ಭಾವ ಕನ್ನಡಕ ಏರಿಸಿ ನೋಡಿದರು. ಅವರೂ ನನ್ನನ್ನು ಭಾವ ಎಂದೇ ಕರೆಯುವುದು.

"ಇದೆಲ್ಲ ಈಗ ಎಐ ಅಲ್ವಾ ಭಾವ? ಮೊನ್ನೆ ಮಗಳು ನನ್ನನ್ನು ಚಂದ್ರನ ಮೇಲೆ ನಿಲ್ಲಿಸಿದ್ದಾಳೆ. ಲುಂಗಿ ಸಮೇತ."

"ನಾನೇ ತೆಗೆದದ್ದು ಭಾವ."

"ಆಗ್ಬಹುದು. ಒರಿಜಿನಲ್ ಉಂಟಾ?"

ಅಮ್ಮ ಪಕ್ಕದಲ್ಲೇ ಕೂತು ಬಸಳೆ ಸೋಸುತ್ತಿದ್ದಳು. ತಲೆ ಎತ್ತಲಿಲ್ಲ.

ಫಿಲ್ಮು ಹೊಳೆದದ್ದು ಆಗ. ನೆಗೆಟಿವ್ ಎಂದರೆ ಕೈಯಲ್ಲಿ ಹಿಡಿಯಬಹುದಾದ ಒರಿಜಿನಲ್ಲು. ಹಾರುವವನಿಗೆ ಯಾವ ಕ್ಯಾಮೆರಾ ಒಳ್ಳೆಯದು ಎಂದು ಬುದ್ಧಿ ಇರುವವರು ಕೇಳುವುದೇ ಇಲ್ಲ. ಡಿಜಿಟಲ್ ಹಗುರ, ಪ್ಯಾರಾಚೂಟು ಬಿಚ್ಚಿಕೊಂಡಾಗಿನ ಎಳೆತಕ್ಕೆ ಕತ್ತು ಉಳಿಯುತ್ತದೆ. ಒಂದೇ ಹಾರಾಟದಲ್ಲಿ ನೂರಾರು ಫೋಟೋ, ಕೆಟ್ಟದ್ದನ್ನು ನೆಲಕ್ಕಿಳಿದು ಅಳಿಸಿದರಾಯಿತು. ಫಿಲ್ಮಿನಲ್ಲಿ ಮೂವತ್ತಾರು, ಮುಗಿದರೆ ಮುಗಿಯಿತು. ಬೀಳುತ್ತಾ ಬೀಳುತ್ತಾ ರೋಲು ಬದಲಿಸುವ ಗಂಡಸು ಇನ್ನೂ ಹುಟ್ಟಿಲ್ಲ. ಫೋಕಸ್ಸನ್ನು ನೆಲದ ಮೇಲೇ ಹೊಂದಿಸಿ ಟೇಪು ಅಂಟಿಸಬೇಕು. ಏನು ಸಿಕ್ಕಿದೆ ಎಂದು ತೊಳೆಯುವವರೆಗೆ ದೇವರಿಗೂ ಗೊತ್ತಿಲ್ಲ. ಇಷ್ಟೆಲ್ಲ ಗುಣವಿರುವ ಡಿಜಿಟಲಿಗೆ ಇರುವುದು ಒಂದೇ ದೋಷ: ಭಾವ ಒಪ್ಪುವುದಿಲ್ಲ. ಆದ್ದರಿಂದ ನಾನು ಫಿಲ್ಮನ್ನು ಆರಿಸಿಕೊಂಡೆ.

ಹಳೆಯ ಕ್ಯಾಮೆರಾವೊಂದನ್ನು ಹುಡುಕಿ, ಹೆಲ್ಮೆಟ್ಟಿಗೆ ಬಿಗಿದು ಹಾರಿದೆ. ಆಮೇಲೆ ಕೆಲವು ದಿನ ಕತ್ತು ತಿರುಗಲಿಲ್ಲ. ಯಾರು ಕರೆದರೂ ದೊಡ್ಡ ಸಾಹೇಬರ ಹಾಗೆ ಇಡೀ ಮೈ ತಿರುಗಿಸಿ ನೋಡುತ್ತಿದ್ದೆ. ರೋಲನ್ನು ಅಲ್ಲೇ ತೊಳೆಸಿ, ಪ್ರಿಂಟು ಹಾಕಿಸಿ, ನೆಗೆಟಿವನ್ನು ಮಗುವಿನಂತೆ ಎದೆಗವಚಿಕೊಂಡು ಊರಿಗೆ ಬಂದೆ.

ಭಾವ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು, ತಿರುಗಿಸಿ ಹಿಡಿದರು. ಮೂಸಿ ನೋಡಲಿಲ್ಲ, ಅಷ್ಟೆ.

"ಒರಿಜಿನಲ್ಲೇ," ಎಂದು ಒಪ್ಪಿದರು. "ಆದ್ರೆ ಭಾವ, ಇದರಲ್ಲಿ ನೀನೆಲ್ಲಿ?"

ಮೂವತ್ತಾರರಲ್ಲೂ ಒಬ್ಬ ಬೋಳುತಲೆಯ ಪ್ರವಾಸಿ, ಅವನ ಬೆನ್ನಿಗಂಟಿದ ತರಬೇತುದಾರ, ಮತ್ತೆ ಆಕಾಶ. ಕ್ಯಾಮೆರಾ ಇದ್ದದ್ದು ನನ್ನ ತಲೆಯ ಮೇಲೆ. ಫಿಲ್ಮೋ ಡಿಜಿಟಲೋ ಎಂದು ಅದೇ ತಲೆಯನ್ನು ತಿಂಗಳುಗಟ್ಟಲೆ ಕೆಡಿಸಿಕೊಂಡಿದ್ದೆ, ಇದೊಂದು ಹೊಳೆದಿರಲಿಲ್ಲ.

"ಬೇರೆ ಯಾರೋ ತೆಗೆದದ್ದಿರ್ಬೇಕು. ಬೇಜಾರು ಮಾಡ್ಬೇಡ ಮಾರಾಯ," ಎಂದು ಭಾವ ಕೊಡೆ ಹಿಡಿದು ಆಫೀಸಿಗೆ ಹೊರಟರು.

ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು ಒಂದು ಪ್ರಿಂಟು ಎತ್ತಿಕೊಂಡಳು.

"ಅಕ್ಕನ ಮದುವೆ ಆಲ್ಬಮಲ್ಲಿ ಫೋಟೋ ತೆಗೆದವ ಉಂಟಾ?"

"ಇಲ್ಲ."

"ಮತ್ತೆ? ತೆಗೆದವ ಕಾಣುದು ಎಲ್ಲಿಂದ?" ಪ್ರವಾಸಿಯ ಕಾಲಿನ ಕೆಳಗೆ ಬೆರಳಿಟ್ಟಳು. "ಇವನ ಕಾಲಡಿ ಎಂತದೂ ಇಲ್ಲ. ನಿನ್ನ ಕಾಲಡಿಯೂ ಇರ್ಲಿಲ್ಲ ಅಲ್ವಾ?"

ಅಮ್ಮ ನಂಬಿದ್ದಳು! ನಾನು ಕುಣಿಯುವುದೊಂದು ಬಾಕಿ. "ಪಾತ್ರೆ ತೊಳೀತಾನೆ ಅಂತ ಹಬ್ಬಿಸಿದವರ ಮುಖಕ್ಕೆ ಇದನ್ನು ಹಿಡೀಬೇಕು," ಎಂದೆ.

"ಹಿಡಿ. ಹಬ್ಬಿಸಿದ್ದು ನಾನೇ."

"ನೀನಾ? ಯಾಕಮ್ಮ?"

"ನೀನು ಹಾರುದು ನನಗೆ ಮೊದಲೇ ಗೊತ್ತುಂಟು ಮಗಾ. ಹೋಟೆಲಲ್ಲಿ ಪಾತ್ರೆ ತೊಳೀತಾನೆ ಅಂತ ನಾಲ್ಕು ಜನರ ಹತ್ರ ಹೇಳಿದೆ. ಅವರು ತಿರುಗಿ ನನಗೇ ಹೇಳ್ಲಿಕ್ಕೆ ಶುರು ಮಾಡಿದ ಮೇಲೆ, ಹೌದೋ ಏನೋ ಅಂತ ಕಂಡಿತು. ನಿದ್ದೆ ಬರ್ತಿತ್ತು."

ಪ್ರಿಂಟನ್ನು ನನ್ನ ಕೈಗಿಟ್ಟು ಅಡುಗೆಮನೆಗೆ ಹೋದಳು. ಅಷ್ಟು ದೂರದಿಂದ ಕತ್ತು ನೋಯಿಸಿಕೊಂಡು ಬಂದು ನಾನು ಸಾಧಿಸಿದ್ದು ಅಮ್ಮನ ನಿದ್ದೆ ಕೆಡಿಸುವುದನ್ನು.

ಫಿಲ್ಮ್ ಕ್ಯಾಮೆರಾವನ್ನು ಈಗ ಮಾರಿಬಿಟ್ಟಿದ್ದೇನೆ. ಡಿಜಿಟಲ್ಲೇ ಮೇಲು. ಯಾರೂ ನಂಬುವುದಿಲ್ಲ ಎಂಬ ಅದರ ದೊಡ್ಡ ಗುಣ ನನಗೆ ತಡವಾಗಿ ಗೊತ್ತಾಯಿತು. ಮೊನ್ನೆ ಅಮ್ಮನ ಫೋನಿಗೆ ಒಂದು ಹೊಸ ಫೋಟೋ ಕಳಿಸಿದ್ದೆ. ಸ್ವಲ್ಪ ಹೊತ್ತಿನಲ್ಲೇ ಕರೆ ಬಂತು.

"ಇದು ಎಐ ಅಲ್ವಾ ಮಗಾ?"

"ಹೌದಮ್ಮ," ಎಂದೆ. "ಪಾತ್ರೆ ತೊಳೆದು ಪುರುಸೊತ್ತಾದಾಗ ಮಾಡಿದ್ದು."