ಕರೆದು ಉಣ್ಣುವವಳು

ಗಲ್ಫಿನ ಮುಸಫ್ಫಾದಲ್ಲಿದ್ದ ನಮ್ಮ ಕ್ಲಿನಿಕ್ಕಿನ ರಿಸೆಪ್ಷನಿಸ್ಟ್ ಫಿಲಿಪೀನ್ಸಿನವಳು. ಸುತ್ತ ಇದ್ದವರನ್ನು ಕರೆಯದೆ ಅವಳೆಂದೂ ಊಟದ ಡಬ್ಬಿ ತೆರೆಯುತ್ತಿರಲಿಲ್ಲ. "ಅಕ್ಕಾ, ಕಾಯಿನ್ ತಾಯೊ!" ಎನ್ನುವಳು, ಬನ್ನಿ, ತಿನ್ನೋಣ ಎಂದರ್ಥ. ನೀರಿನ ಬಾಟಲಿಗೆ ಒರಗಿಸಿದ ಫೋನಿನಲ್ಲಿ ಊರಿನ ಅಮ್ಮನನ್ನೂ ಹಾಗೆಯೇ ಕರೆದು ಜೊತೆಗೆ ಉಣ್ಣುತ್ತಿದ್ದಳು.

ಒಮ್ಮೆ ತನ್ನ ಭಾಷೆಯ ಪದಗಳನ್ನು ಟಿಶ್ಯೂ ಮೇಲೆ ಬರೆದು ತೋರಿಸಿದಳು. ನಾವು ಕನ್ನಡದಲ್ಲಿ ಪದದ ಬಾಲಕ್ಕೆ ಅಂಟಿಸುವ ಪ್ರತ್ಯಯವನ್ನು ಅವರು ಅದರ ಹೊಟ್ಟೆಯೊಳಗೆ ಸೇರಿಸುತ್ತಾರೆ. 'ಕಾಯಿನ್' ಎಂದರೆ ತಿನ್ನು. ನಡುವೆ 'ಉಮ್' ಸೇರಿದರೆ 'ಕುಮಾಯಿನ್', ತಿಂದಾಯಿತು. 'ಕುಮಾಕಾಯಿನ್' ಎಂದರೆ ಇನ್ನೂ ತಿನ್ನುತ್ತಿದ್ದಾರೆ. "ನಮ್ಮಮ್ಮ ಬಹಳ ನಿಧಾನ, ಯಾವಾಗಲೂ ಕುಮಾಕಾಯಿನ್," ಎಂದು ನಕ್ಕಳು.

ಆ ಅಮ್ಮ ತೀರಿಕೊಂಡಾಗ ಅವಳಿಗೆ ರಜೆ ಸಿಗಲಿಲ್ಲ. ಮರುದಿನ ಮಧ್ಯಾಹ್ನ ಫೋನನ್ನು ಬಾಟಲಿಗೆ ಒರಗಿಸಿ ಕುಳಿತಳು. ಯಾರನ್ನೂ ಕರೆಯಲಿಲ್ಲ. ಡಬ್ಬಿ ಮುಚ್ಚಿಯೇ ಇತ್ತು.

ಅಂದು ನಾನು ಕರೆಯಬೇಕಿತ್ತು. ಅವಳತ್ತ ನೋಡುವಷ್ಟರಲ್ಲಿ ನನ್ನ ಬಾಯಲ್ಲಿ ಆಗಲೇ ತುತ್ತಿತ್ತು.